ನೂರು ಲೀಟರ್ ಕಡಲು

ಕಡಲ ಮೀನು ಸಾಕಲು ಹೊರಟವರ ಮನೆಯಲ್ಲಿ ಮೊದಲ ಒಂದೂವರೆ ತಿಂಗಳು ಮೀನೇ ಇರುವುದಿಲ್ಲ. ಗಾಜಿನ ತೊಟ್ಟಿ, ಕಲ್ಲು, ಮರಳು, ಉಪ್ಪುನೀರು, ಮೇಲೊಂದು ದೀಪ, ಅಷ್ಟೆ. ಬಂದ ನೆಂಟರು ‘ಮೀನೆಲ್ಲಿ?’ ಎಂದು ಕೇಳಿ ನಗುತ್ತಾರೆ. ಆ ನಗುವನ್ನು ಸಹಿಸಿಕೊಂಡು ಕಾಯಬಲ್ಲವರಿಗೆ ಈ ವಿದ್ಯೆ ಒಲಿಯುತ್ತದೆ.

ಬೆಂಗಳೂರಿನ ಒಂದು ಸಾಮಾನ್ಯ ಮನೆಯಲ್ಲಿ 100 ಲೀಟರ್ ತೊಟ್ಟಿ ಇಡುತ್ತೇವೆ ಎಂದುಕೊಳ್ಳೋಣ. ಇದಕ್ಕಿಂತ ಚಿಕ್ಕದು ಸುಲಭ ಎಂದು ಅನೇಕರು ನಂಬಿದ್ದಾರೆ. ವಾಸ್ತವ ತಿರುಗುಮುರುಗು: ನೀರು ಕಡಿಮೆಯಾದಷ್ಟೂ ಅದರ ಗುಣ ಬೇಗ ಕೆಡುತ್ತದೆ. ನೀರು, ಕಲ್ಲು, ಗಾಜು ಸೇರಿ ನೂರೈವತ್ತು ಕಿಲೋದ ಹತ್ತಿರ ಬರುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಆಸೆ ಬೇಡ.

ಮೊದಲ ಕೆಲಸ ನೀರು ಮಾಡುವುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅದು ಅಡುಗೆ ಉಪ್ಪೊಂದೇ ಅಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಅದರಲ್ಲುಂಟು. ಹಾಗಾಗಿ ಅಕ್ವೇರಿಯಂಗೆಂದೇ ತಯಾರಾದ ಉಪ್ಪನ್ನು ಬಳಸಬೇಕು. ನೂರು ಲೀಟರಿಗೆ ಮೂರೂವರೆ ಕಿಲೋಕ್ಕಿಂತ ತುಸು ಹೆಚ್ಚೇ ಬೇಕಾಗುತ್ತದೆ. ಉಪ್ಪು ಕರಗಿಸುವ ನೀರು ಬೋರ್‌ವೆಲ್‌ನದಾಗಬಾರದು, ಕ್ಲೋರಿನ್ ಹಾಕಿದ ನಲ್ಲಿಯದ್ದೂ ಆಗಬಾರದು. ಆರ್‌ಓ ಯಂತ್ರದಿಂದ ಬಂದು, ಆಮೇಲೆ ಡಿಅಯಾನೈಸಿಂಗ್ ರಾಳದ ಮೂಲಕವೂ ಹಾದು, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತಿರಬೇಕು. ಬೇರೆ ಬಕೆಟ್ಟಿನಲ್ಲಿ ಉಪ್ಪು ಬೆರೆಸಿ, ಪಂಪು ಹಾಕಿ ಒಂದು ದಿನ ತಿರುಗಲು ಬಿಟ್ಟು, ಉಪ್ಪಿನಂಶವನ್ನು ರಿಫ್ರಾಕ್ಟೋಮೀಟರಿನಲ್ಲಿ ಅಳೆದು ತೊಟ್ಟಿಗೆ ಸುರಿಯುವುದು ಕ್ರಮ. ಕರಾವಳಿಯವರು ‘ಕಡಲೇ ಪಕ್ಕದಲ್ಲಿದೆಯಲ್ಲ’ ಎನ್ನಬಹುದು. ಆದರೆ ನೇತ್ರಾವತಿ, ಕಾಳಿಯಂಥ ನದಿಗಳು ಸೇರುವ ಕಡೆ, ಅದರಲ್ಲೂ ಮಳೆಗಾಲದಲ್ಲಿ, ದಡದ ನೀರಿನ ಉಪ್ಪು ನೆಚ್ಚುವಂಥದ್ದಲ್ಲ.

ಉಪ್ಪಿನ ವಿಷಯದಲ್ಲಿ ಹೊಸಬರನ್ನು ಬೀಳಿಸುವ ಗುಂಡಿ ಇನ್ನೊಂದಿದೆ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ 1 ಲೀಟರ್ ಹೋದರೆ 10 ದಿನದಲ್ಲಿ 35 ಇದ್ದದ್ದು 39ರ ಹತ್ತಿರ ಹೋಗುತ್ತದೆ. ಇಳಿದಷ್ಟು ಸಿಹಿನೀರನ್ನೇ ದಿನವೂ ತುಂಬಬೇಕು, ಉಪ್ಪುನೀರನ್ನಲ್ಲ.

ಇನ್ನು ಕಲ್ಲು. ಈ ಹವ್ಯಾಸದ ಇತಿಹಾಸವೇ ಕಲ್ಲಿನಿಂದ ತಿರುವು ಪಡೆಯಿತು ಎನ್ನಬಹುದು. ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ತಮ್ಮ ವಿಧಾನವನ್ನು ಬರೆದು ಕಳಿಸಿದರು: ಕಡಲಿಂದ ತಂದ ಜೀವಂತ ಕಲ್ಲು, ಗಾಳಿಯ ಗುಳ್ಳೆ, ಬೆಳಕು, ಇಷ್ಟರಲ್ಲೇ ಹವಳ ಬದುಕುತ್ತದೆ ಎಂದು. ಕಲ್ಲಿನ ತೂತುಗಳಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾಗಳೇ ಅವರ ಫಿಲ್ಟರ್. ಇಂದಿಗೂ ಹವಳ ಸಾಕುವ ರೀಫ್ ತೊಟ್ಟಿಗಳ ಬುನಾದಿ ಅದೇ.

ಆ ಬ್ಯಾಕ್ಟೀರಿಯಾ ಬೆಳೆಯಲೆಂದೇ ಒಂದೂವರೆ ತಿಂಗಳ ಕಾಯುವಿಕೆ. ಮೀನಿನ ಮಲಮೂತ್ರ, ಉಳಿದ ಆಹಾರ ಕೊಳೆತರೆ ಅಮೋನಿಯ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸದೆ ಬಿಡುವಂತೆ ಇವನ್ನೂ ಅವುಗಳ ಪಾಡಿಗೆ ಬಿಡಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯ ಲೀಟರಿಗೆ 2 ಮಿಲಿಗ್ರಾಂ ಆಗುವಂತೆ ಮಾಡಿ, ಟೆಸ್ಟ್ ಕಿಟ್ಟಿನಲ್ಲಿ ನೋಡುತ್ತಿರಿ. ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ನೀರು ಸಿದ್ಧ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಆಮೇಲೂ ಗಾಜಿನ ಮೇಲೆ ಕಂದು ಪಾಚಿ, ಅದರ ಹಿಂದೆಯೇ ಹಸಿರು ಪಾಚಿ ಬರುತ್ತದೆ. ಹೆದರಿ ಔಷಧಿ ಸುರಿಯಬೇಡಿ. ನಾಲ್ಕಾರು ಬಸವನಹುಳು, ಒಂದೆರಡು ಸನ್ಯಾಸಿ ಏಡಿ ಬಿಟ್ಟರೆ ಸಾಕು. ಬಹುತೇಕ ಪಾಚಿಯನ್ನು ಅವೇ ಮೇಯುತ್ತವೆ.

ಕಲ್ಲು ಜೋಡಿಸುವವರ ಕೈಚಳಕ ನೋಡುವುದೇ ನನಗೆ ಒಂದು ಸಂತೋಷ. ಪಳಗಿದವರು ಗೋಡೆ ಕಟ್ಟುವುದಿಲ್ಲ. ಗವಿ, ಕಮಾನು, ಓಣಿ ಬಿಡುತ್ತಾರೆ. ಹಿಂದೆ ಮುಂದೆ ನೀರು ಹರಿಯುವಂತಿರಬೇಕು, ಮೂಲೆಯಲ್ಲಿ ಕಸ ಕೂರಬಾರದು. ಮತ್ತು ಕಲ್ಲು ನೇರ ಗಾಜಿನ ತಳದ ಮೇಲೆ ಕೂತಿರಬೇಕು, ಮರಳನ್ನು ಆಮೇಲೆ ಸುತ್ತ ಹರಡಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ತೋಡುವ ಪ್ರಾಣಿಗಳು ಅಡಿಯನ್ನು ಖಾಲಿ ಮಾಡಿ ಕಲ್ಲನ್ನು ಉರುಳಿಸುತ್ತವೆ.

ಆ ತೋಡುವವರಲ್ಲಿ ನನಗೆ ಅಚ್ಚುಮೆಚ್ಚು ಪಿಸ್ತೂಲ್ ಸೀಗಡಿ. ಅದು ದೊಡ್ಡ ಚಿಮಟವನ್ನು ಎಷ್ಟು ವೇಗವಾಗಿ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ ಒಡೆಯುತ್ತದೆ. ‘ಟಕ್’ ಎಂಬ ಸದ್ದು ನಡುಮನೆಯಲ್ಲಿ ಕುಳಿತವರಿಗೂ ಕೇಳುತ್ತದೆ. ಇಷ್ಟೆಲ್ಲ ಆಯುಧವಿದ್ದೂ ಕಣ್ಣು ಮಂದ. ಅದಕ್ಕೇ ಗೋಬಿ ಮೀನಿನ ಜೊತೆ ಒಂದೇ ಬಿಲದಲ್ಲಿ ಸಂಸಾರ. ಸೀಗಡಿ ಹಗಲೆಲ್ಲ ಮರಳು ಹೊತ್ತು ಹಾಕುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಹೊರಬಂದಾಗ ಸೀಗಡಿ ತನ್ನ ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟೇ ಇರುತ್ತದೆ. ಗೋಬಿ ಬಾಲ ಅಲುಗಿಸಿದರೆ ಸೀಗಡಿ ಒಳಗೆ. ಈ ಒಂದು ಜೋಡಿ ಸಾಕು, ಸಂಜೆಗಳು ಸಾಗುವುದೇ ತಿಳಿಯುವುದಿಲ್ಲ.

ಇದರ ಜೊತೆಗೆ ಒಂದು ಜೋಡಿ ಕ್ಲೌನ್ ಮೀನು. 2003ರ ‘ಫೈಂಡಿಂಗ್ ನೀಮೊ’ ಚಿತ್ರದಿಂದ ಮನೆಮಾತಾದ ಇವು ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ದೊಡ್ಡದು, ಜೋರಿನದು ಹೆಣ್ಣಾಗಿ ಮಾರ್ಪಡುತ್ತದೆ. ಇವಕ್ಕೆ ಸಮುದ್ರ ಹೂವು (ಅನಿಮೋನ್) ಬೇಕೇಬೇಕೆಂದಿಲ್ಲ; ಹೊಸ ತೊಟ್ಟಿಯಲ್ಲಿ ಆ ಹೂವು ಬಾಳುವುದೂ ಕಷ್ಟ. ಕೊಳ್ಳುವಾಗ ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಹವಳದ ದಿಬ್ಬಗಳಲ್ಲಿ ಸಯನೈಡ್ ಚಿಮುಕಿಸಿ ಮೀನು ಹಿಡಿಯುವ ಕ್ರೂರ ಪದ್ಧತಿ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಕಡೆ ನಡೆದುಬಂದಿದೆ ಎಂಬುದನ್ನು ನೆನೆದರೆ ಈ ಪ್ರಶ್ನೆ ಕೇಳುವುದು ನಮ್ಮ ಕರ್ತವ್ಯವೇ. ನೀಮೊ ಸಿಕ್ಕಿತೆಂದು ಅದೇ ಚಿತ್ರದ ಡೋರಿಯನ್ನು ತರಬೇಡಿ. ಆ ನೀಲಿ ಮೀನು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಬಣ್ಣಕ್ಕೆ ಮರುಳಾಗಿ ಮ್ಯಾಂಡರಿನ್ ಮೀನನ್ನೂ ತರಬೇಡಿ. ಅದು ಕಲ್ಲಿನ ಮೇಲಿನ ಸೂಕ್ಷ್ಮ ಜೀವಿಗಳನ್ನೇ ಹುಡುಕಿ ತಿನ್ನುವಂಥದ್ದು, ಹೊಸ ತೊಟ್ಟಿಯಲ್ಲಿ ಉಪವಾಸ ಸಾಯುತ್ತದೆ. ನೂರು ಲೀಟರಿಗೆ ಮೂರು ನಾಲ್ಕು ಚಿಕ್ಕ ಮೀನು ಸಾಕು. ಒಂದೊಂದನ್ನೂ ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಬಿಳಿ ಚುಕ್ಕೆ ರೋಗ ಇಲ್ಲವೆಂದು ಖಾತ್ರಿಯಾದ ಮೇಲೇ ಬಿಡಿ. ಆ ರೋಗಕ್ಕೆ ಕೊಡುವ ತಾಮ್ರದ ಔಷಧಿ ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಮುಖ್ಯ ತೊಟ್ಟಿಗೆ ಅದು ಬೀಳಲೇಬಾರದು.

ನೀರಿನ ಉಷ್ಣಾಂಶ 25-26 ಡಿಗ್ರಿ ಇದ್ದರೆ ಒಳ್ಳೆಯದು. ಬೆಂಗಳೂರಿನ ಡಿಸೆಂಬರಿಗೆ ಹೀಟರ್ ಬೇಕು, ಮಂಗಳೂರಿನ ಏಪ್ರಿಲ್‌ಗೆ ಫ್ಯಾನೋ ಚಿಲ್ಲರೋ ಬೇಕು. ಕರೆಂಟು ಹೋದಾಗ ಪಂಪು ನಿಂತು ಆಮ್ಲಜನಕ ಇಳಿಯುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಕೈಗೆ ಸಿಗುವಂತೆ ಇಟ್ಟಿರಿ.

ಹವಳ ಎಲ್ಲಿ ಎಂದು ಕೇಳುತ್ತೀರಿ. ಅಮೆರಿಕದಲ್ಲಿರುವ ನಮ್ಮವರು ತೊಟ್ಟಿಗಳಲ್ಲೇ ಬೆಳೆಸಿ ಮಾರುವ ಹವಳದ ತುಂಡುಗಳನ್ನು ತಂದು, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರುವಂತೆ ನೋಡಿಕೊಂಡು ಬೆಳೆಸಬಹುದು. ಹವಳ ತನ್ನ ಅಸ್ಥಿಪಂಜರ ಕಟ್ಟುವುದೇ ಆ ಕ್ಯಾಲ್ಸಿಯಂನಿಂದ. ಆದರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ರಕ್ಷಿಸಿದೆ; ಕಡಲಕುದುರೆಯೂ ಆ ರಕ್ಷಣೆಯಲ್ಲಿದೆ. ಸತ್ತ ಹವಳದ ತುಂಡಿಗೂ ಅದೇ ಕಾನೂನು. ಆದ್ದರಿಂದ ಕಡಲಿಂದ ಕಿತ್ತ ‘ಲೈವ್ ರಾಕ್’ ಬೇಡ. ಸೆರಾಮಿಕ್ ಕಲ್ಲು ತನ್ನಿ, ಬ್ಯಾಕ್ಟೀರಿಯಾ ಅದರಲ್ಲೂ ಮನೆಮಾಡುತ್ತದೆ. ಈ ನಿರ್ಬಂಧ ಹವ್ಯಾಸಿಗೆ ನಷ್ಟವೆಂದು ನನಗನ್ನಿಸುವುದಿಲ್ಲ. ಹೊಸಬರ ಕೈಯಲ್ಲಿ ಮೊದಲು ಸಾಯುವುದು ಹವಳವೇ. ಜೀವಂತ ಹವಳ ನೋಡಲೇಬೇಕೆಂದಿದ್ದರೆ ಮಳೆಗಾಲ ಕಳೆದ ಮೇಲೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹಿಡಿದು ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿ ನೋಡಿ ಬನ್ನಿ. ಮುಟ್ಟಬೇಡಿ.