ಎರೆನೆಲದ ಕರಿ ಕುರಿ

ಮಳಖೇಡ, ಸೇಡಂ, ಚಿತ್ತಾಪುರದ ಕಡೆ ತೊಗರಿ ರಾಶಿ ಮುಗಿಯುತ್ತಲೇ ಹೊಲಗಳಿಗೆ ಕುರಿ ಹಿಂಡು ಇಳಿಯುತ್ತವೆ. ಈ ಭಾಗದ ಹಳೆಯ ತಳಿ ಡೆಕ್ಕನಿ: ಕಪ್ಪು ಮೈ, ಒರಟು ಉಣ್ಣೆ, ಉರಿಬಿಸಿಲಲ್ಲೂ ನಡೆದು ಮೇಯುವ ತಾಕತ್ತು. ಮಾಂಸದ ಮರಿ, ಹೊಲದಲ್ಲಿ ತರುಬಿದಾಗ ಬೀಳುವ ಹಿಕ್ಕೆ, ಉಣ್ಣೆ ಮೂರೂ ದುಡಿಮೆಯೇ. ಆದರೆ ಈಗ ಮನೆ ನಡೆಸುವುದು ಮರಿ.

ಮರಿಯ ಲೆಕ್ಕ ಟಗರಿನಿಂದ ಶುರು. 25–30 ಕುರಿಗೆ ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಬೇರೆ ಹಿಂಡಿನದನ್ನು ತರಬೇಕು, ಇಲ್ಲವಾದರೆ ಹತ್ತಿರದ ರಕ್ತ ಕೂಡಿ ಮರಿ ಸೊರಗುತ್ತವೆ. ಮುಂಗಾರಿನ ಹಸಿರು ತಿಂದ ಕುರಿ ಜೂನ್-ಜುಲೈಯಲ್ಲಿ ಬೆದೆಗೆ ಬರುತ್ತದೆ. ಗಬ್ಬ ಐದು ತಿಂಗಳು. ನವೆಂಬರ್-ಡಿಸೆಂಬರಿನಲ್ಲಿ ಈದ ತಾಯಿಗೆ ಮುಂದೆ ತೊಗರಿ ಎಲೆ, ಹೊಟ್ಟು ಸಿಗುತ್ತದೆ, ಹಾಲು ಇಳಿಯುತ್ತದೆ.

ಡೆಕ್ಕನಿ ಹೆಚ್ಚಾಗಿ ಒಂದೇ ಮರಿ ಹಾಕುತ್ತದೆ. ಮಹಾರಾಷ್ಟ್ರದ ಫಲಟಣದಲ್ಲಿ ಬಂಗಾಳದ ಗರೋಲ್ ಕುರಿಯ ಅವಳಿ ಗುಣ ಬೆರೆಸಿ 'ನಾರಿ ಸುವರ್ಣ' ಬೆಳೆಸಿದ್ದಾರೆ. ಒಳ್ಳೆಯದೇ; ಆದರೆ ಅವಳಿ ಸಾಕುವ ತಾಯಿಗೆ ಹಿಂಡಿ, ಕಾಳು ಕೊಡುವ ಶಕ್ತಿ ಇದ್ದವರಿಗೆ ಮಾತ್ರ. ಮರಿ ಬೇಗ ತೂಗಲಿ ಎಂದು ಉಣ್ಣೆಯಿಲ್ಲದ ಎತ್ತರದ ಟಗರು ಬಿಡುವವರೂ ಇದ್ದಾರೆ. ಅಲೆಮಾರಿ ಹಿಂಡಿಗೆ ಅದು ಬೇಡ ಎಂಬುದೇ ನನ್ನ ಮಾತು. ಬಯಲಲ್ಲಿ ಮಲಗುವ ಜೀವಕ್ಕೆ ಉಣ್ಣೆಯೇ ಹೊದಿಕೆ.

ಇಲ್ಲಿನ ದೊಡ್ಡ ಅಪಾಯ ಜೋಳದ ಎಳೆ ಚಿಗುರು. ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲಿ ಸಯನೈಡ್ ವಿಷ ಹುಟ್ಟುವ ಅಂಶ ಹೆಚ್ಚು. ಹಸಿದ ಹಿಂಡು ನುಗ್ಗಿ ತಿಂದರೆ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿ, ತೂರಾಡಿ ಬೀಳುತ್ತವೆ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಉಳಿಸಬಲ್ಲದು, ವೈದ್ಯರು ಕೂಡಲೇ ಸಿಕ್ಕರೆ. ಅದಕ್ಕೇ ಮೊದಲು ಬೇರೆಡೆ ಹೊಟ್ಟೆ ತುಂಬ ಮೇಯಿಸಿ. ಮೊಣಕಾಲೆತ್ತರದ ಜೋಳದ ಹತ್ತಿರವೂ ಬಿಡಬೇಡಿ. ಚೆನ್ನಾಗಿ ಒಣಗಿದ ಕಣಿಕೆಗೆ ಈ ಭಯ ಬಹಳ ಕಡಿಮೆ.

ಮಳೆಗೆ ಮುಂಚೆ ಜಂತುನಾಶಕ, ಕರುಳುಬೇನೆ ಲಸಿಕೆ ತಪ್ಪದೆ ಹಾಕಿಸಿ. ಪಿಪಿಆರ್, ನೀಲಿ ನಾಲಿಗೆ ಲಸಿಕೆಯ ಸಮಯವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಎರೆಮಣ್ಣಿನ ಕೆಸರಲ್ಲಿ ಗೊರಸು ಕೊಳೆಯುತ್ತದೆ. ಮಳೆಗಾಲದ ರಾತ್ರಿ ಗರಸು ದಿಬ್ಬದ ಮೇಲೆ ತರುಬಿ.

ಉಣ್ಣೆ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಒಂದು ಕುರಿಗೆ ಒಟ್ಟು ಅರ್ಧ ಕಿಲೋ ಆಸುಪಾಸು. ಕತ್ತರಿಸುವ ಮುನ್ನ ಹಿಂಡನ್ನು ತೊಳೆದು ಒಣಗಿಸಬೇಕು. ಒರಟಾದ್ದರಿಂದ ಇದು ಸ್ವೆಟರಿಗೆ ಬಾರದು, ಕಂಬಳಿಗೆ ಹೇಳಿ ಮಾಡಿಸಿದ್ದು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುತ್ತಾರೆ. ಮರಿಯ ಮೊದಲ ಉಣ್ಣೆ ಮೆತ್ತಗಿರುತ್ತದೆ. ಅದನ್ನು ಬೇರೆ ಚೀಲದಲ್ಲಿಡಿ, ಕರಿದರಲ್ಲಿ ಬಿಳಿ ಬೆರೆಸಬೇಡಿ.