ಇಂಗ್ಲಿಷು ಪ್ರಬಂಧವೂ ನಮ್ಮೂರ ಕೆರೆಯೂ

ಮಕ್ಕಳಿಗೆ ಇಂಗ್ಲಿಷು ಬರಬೇಕೆಂಬ ಹಂಬಲವಿಲ್ಲದ ಗೃಹಸ್ಥರು ನಮ್ಮಲ್ಲಿ ವಿರಳ. ಆ ಭಾಷೆಯಲ್ಲಿ ಮಕ್ಕಳು ಏನನ್ನು ಬರೆಯುತ್ತಿರುವರೆಂದು ವಿಚಾರಿಸುವವರು ಇನ್ನೂ ವಿರಳ.

ನನ್ನ ವ್ಯಾಸಂಗವು ಸಂಸ್ಕೃತದ್ದು. ಆದರೂ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯ ಶಾಲೆಯೊಂದರಲ್ಲಿ ಇಂಗ್ಲಿಷನ್ನೂ ಕಲಿಸಬೇಕಾಗಿ ಬಂದಿತು. ಒಮ್ಮೆ ಹತ್ತನೆಯ ತರಗತಿಯವರಿಗೆ ‘ಜಲಮಾಲಿನ್ಯ’ವನ್ನು ಕುರಿತು ಪ್ರಬಂಧ ಬರೆಯಹೇಳಿದೆನು. ಎಲ್ಲರ ಪುಸ್ತಕಗಳಲ್ಲಿಯೂ ಗೈಡಿನಿಂದ ಬಾಯಿಪಾಠವಾದ ಅವೇ ವಾಕ್ಯಗಳು. ಗಂಗೆ ಕೆಟ್ಟಿತು, ಸಮುದ್ರ ಕೆಟ್ಟಿತು. ಶಾಲೆಯ ಹಿಂದಣ ಕೆರೆಯ ಸುದ್ದಿಯೇ ಇಲ್ಲ. ಒಬ್ಬ ಹುಡುಗನು ಮಾತ್ರ, ತನ್ನ ತಾತನು ಈ ಕೆರೆಯಲ್ಲಿ ಈಜುವನೆಂದೂ ಕೆರೆಯಲ್ಲಿ ನೀರಿಲ್ಲವೆಂದೂ ಎರಡೇ ವಾಕ್ಯಗಳನ್ನು ಬರೆದಿದ್ದನು. ‘ಸ್ವಿಮ್’ ಎಂದಿದ್ದುದನ್ನು ಕೆಂಪು ಮಸಿಯಿಂದ ಹೊಡೆದು ‘ಸ್ವ್ಯಾಮ್’ ಎಂದು ತಿದ್ದಿ, ಹತ್ತಕ್ಕೆ ಮೂರು ಅಂಕ ಕೊಟ್ಟೆನು. ಗೈಡಿನವರಿಗೆ ಏಳೆಂಟು ದೊರೆತಿದ್ದುವು.

ಆ ರಾತ್ರಿ ನನಗೆ ಸಮಾಧಾನವಾಗಲಿಲ್ಲ. ಕಂಡದ್ದನ್ನು ಬರೆದವನು ಅವನೊಬ್ಬನೇ. ನಾನು ಕಾಲವನ್ನು ತಿದ್ದಿದೆನೇ ಹೊರತು, ಅದು ಭೂತಕಾಲವಾದುದೇಕೆಂದು ಕೇಳಲಿಲ್ಲ.

ಮರುದಿನ ತರಗತಿಯನ್ನು ಕೆರೆಯ ಏರಿಯ ಮೇಲೆ ನಡೆಸಿದೆನು. ತೂಬು, ಕೋಡಿ, ಹೂಳುಗಳನ್ನು ಮಕ್ಕಳು ಕಣ್ಣಾರೆ ನೋಡಿದರು. ಮನೆಯ ಹಿರಿಯರನ್ನು ಕೇಳಿಕೊಂಡು ಬಂದರು. ಕೆರೆಯು ಕೋಡಿ ಹರಿಯುತ್ತಿತ್ತೆಂಬುದು ಭೂತಕಾಲ, ಒಣಗಿದೆಯೆಂಬುದು ವರ್ತಮಾನ, ಹೂಳೆತ್ತಿದರೆ ನೀರು ನಿಲ್ಲುವುದೆಂಬುದು ಭವಿಷ್ಯತ್ತು. ಒಂದೇ ಕೆರೆಯಲ್ಲಿ ಮೂರು ಕಾಲಗಳೂ ದೊರೆತುವು.

ಬಳಿಕ ‘ಏಕೆ?’ ಎಂಬ ಪ್ರಶ್ನೆಗೆ ಉತ್ತರವನ್ನು ಬರೆಯಿಸಬೇಕು. ಇಲ್ಲಿಯೇ ವಿಷಯವು ಬೆಳೆಯುವುದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ನಾಗರಕೆರೆಯನ್ನು ದಾಟಿ ಹೆಸರಘಟ್ಟಕ್ಕೆ ಬರುವಳು. ಅಲ್ಲಿ ೧೮೯೪ರಲ್ಲಿ ನಿರ್ಮಿತವಾದ ಜಲಾಶಯದಿಂದಲೇ ಬೆಂಗಳೂರಿಗೆ ಮೊದಲು ಕೊಳಾಯಿಯ ನೀರು ಹೋದುದು. ಅಂತಹ ನದಿಯು ಬಡವಾದುದೇಕೆ? ಕೊಳವೆಬಾವಿಗಳಿಂದ ಅಂತರ್ಜಲವಿಳಿಯಿತು, ಕೆರೆಗೆ ನೀರು ತರುವ ಕಾಲುವೆಗಳು ಮುಚ್ಚಿಹೋದುವು, ಹೊಲಗಳಲ್ಲಿ ಬೆಳೆದ ನೀಲಗಿರಿ ತೋಪುಗಳು ನೆಲದ ತೇವವನ್ನು ಹೀರಿದುವು. ರಾಜ್ಯಸರಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ೨೦೧೭ರಲ್ಲಿ ನಿಷೇಧಿಸಿತು. ಕಾರ್ಯಕಾರಣಸಂಬಂಧವನ್ನು ಪರಭಾಷೆಯಲ್ಲಿ ಹೇಳಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವುಂಟೆ?

ಮುಂದಿನವರ ಪಾಲನ್ನು ಕೆಡಿಸದೆ ನಮ್ಮ ಪಾಲನ್ನು ಅನುಭವಿಸುವುದೇ ಸುಸ್ಥಿರತೆ. ೧೯೮೭ರ ಬ್ರುಂಟ್‌ಲ್ಯಾಂಡ್ ವರದಿಯ ತಾತ್ಪರ್ಯವೂ ಇದೇ. ಪರಿಸರಶಿಕ್ಷಣವು ಶಾಲೆಗಳಲ್ಲಿ ನಡೆಯಬೇಕೆಂದು ಸುಪ್ರೀಂ ಕೋರ್ಟು ೧೯೯೧ರಲ್ಲಿಯೇ ವಿಧಿಸಿತು. ಅದು ಗೈಡಿನ ಬಾಯಿಪಾಠವಾದರೆ ಫಲವೇನು?

“ಮೇಷ್ಟ್ರೇ, ಇಂಗ್ಲಿಷು ಹೇಳಿಕೊಡಿ ಅಂದರೆ ಕೆರೆ ತೋರಿಸುತ್ತೀರಲ್ಲ!” ಎಂದು ತಂದೆಯೊಬ್ಬರು ಆಕ್ಷೇಪಿಸಿದರು. ಅವರ ಆತಂಕವು ನ್ಯಾಯವಾದುದೇ. ಎಲ್ಲರ ಅಂಕಗಳೂ ಏರಿದುವೆಂದು ನಾನು ಹೇಳಲಾರೆನು. ಪ್ರಬಂಧದಿಂದ ಕೆರೆಯೂ ತುಂಬಲಿಲ್ಲ. ಆದರೆ ಬಾಯಿಪಾಠ ಮಾಡಿದ ವಾಕ್ಯವನ್ನು ಪರೀಕ್ಷೆಯ ಮರುದಿನವೇ ಮರೆಯುತ್ತಿದ್ದ ಮಕ್ಕಳು, ತಾವೇ ಕಟ್ಟಿದ ವಾಕ್ಯವನ್ನು ಮರೆಯಲಿಲ್ಲ. ಪಂಚಾಯಿತಿಗೆ ಕಾಲುವೆಯ ವಿಷಯವಾಗಿ ಅವರು ಮೊದಲು ಇಂಗ್ಲಿಷಿನಲ್ಲಿ ಪತ್ರ ಬರೆದು, ಬಳಿಕ ಓದುವವರಿಗೆ ತಿಳಿಯಲೆಂದು ಕನ್ನಡದಲ್ಲಿ ಬರೆದು ಕಳುಹಿಸಿದರು.

ಗೃಹಸ್ಥರೇ, ಬರುವ ಭಾನುವಾರ ಮಗುವನ್ನು ನಿಮ್ಮೂರ ಕೆರೆಗೆ ಕರೆದೊಯ್ಯಿರಿ. ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿಸಿರಿ. ಮೊದಲು ಓದಿರಿ, ಆಮೇಲೆ ತಿದ್ದಿರಿ. ನಮ್ಮ ಪೂರ್ವಿಕರು ಸಪ್ತಸಂತಾನಗಳಲ್ಲಿ ಕೆರೆಯನ್ನೂ ಕೃತಿಯನ್ನೂ ಮಗನ ಜೊತೆಯಲ್ಲಿಯೇ ಎಣಿಸಿದರು. ಮೂರನ್ನೂ ಒಟ್ಟಿಗೆ ಕಾಪಾಡುವ ಅವಕಾಶವು ನಮ್ಮ ಮನೆಯ ಬಾಗಿಲಲ್ಲಿಯೇ ಇದೆ.