ಕಟ್ಟಬಾರದ ಸಾಲ ಕಟ್ಟಿಬಿಟ್ರಾ?

ಸಾಲ ವಸೂಲಿ ಏಜೆಂಟ್ ಅಂತ ಒಬ್ಬ ಫೋನ್ ಮಾಡಿದ: "ನಿಮ್ಮ ಹೆಸರಲ್ಲಿ ಹಳೇ ಸಾಲ ಬಾಕಿ ಇದೆ. ಈಗ್ಲೇ ಕಟ್ಟಿ, ಇಲ್ಲಾಂದ್ರೆ ಮನೆ ಹತ್ರ ಬರ್ತೀವಿ!"

ಹೆದರಿ 8,000 ರೂಪಾಯಿ ಕಳಿಸಿದ್ರಿ. ಆಮೇಲೆ ನೋಡಿದ್ರೆ, ಆ ಸಾಲ ನಿಮ್ಮದೇ ಅಲ್ಲ!

ಕೈಚೆಲ್ಲಿ ಕೂರಬೇಡಿ. 1872ರ ಕರಾರು ಕಾಯ್ದೆಯ 72ನೇ ಕಲಂ ಏನು ಹೇಳುತ್ತೆ ಗೊತ್ತಾ? ತಪ್ಪಾಗಿಯೋ ಬಲವಂತಕ್ಕೆ ಮಣಿದೋ ಕೊಟ್ಟ ಹಣವನ್ನು ಪಡೆದವರು ವಾಪಸ್ ಕೊಡಬೇಕು.

ಮೊದಲು ಯುಪಿಐ ರಸೀದಿ, ಮೆಸೇಜು, ಕಾಲ್ ರೆಕಾರ್ಡ್ ಎತ್ತಿಡಿ. ಆ ಸಾಲ ನಿಮ್ಮ ಹೆಸರಲ್ಲಿ ಇದೆಯಾ ಅಂತ ಸಿಬಿಲ್ ವರದಿ (ನಿಮ್ಮ ಸಾಲಗಳ ದಾಖಲೆ) ತೆಗೆದು ನೋಡಿ, ವರ್ಷಕ್ಕೊಮ್ಮೆ ಪುಕ್ಕಟೆ.

ಆಮೇಲೆ ಏಜೆಂಟನ್ನು ಕಳಿಸಿದ ಬ್ಯಾಂಕಿಗೆ ಬರಹದಲ್ಲೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರಲಿಲ್ವಾ? ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಹಾಕಿ, ಶುಲ್ಕವಿಲ್ಲ.

ಫೋನ್ ಮಾಡಿದವನೇ ನಕಲಿನಾ? ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ಮೇಲೆ ಒಂದೇ ಮಾತು: ಮೊದಲು ಕಾಗದ, ಆಮೇಲೆ ಕಾಸು!